ಒಳಗಿನವರ ಸದ್ದು

ನನ್ನ ಗಂಡ ಉಂಡು ಎದ್ದರೆ ಅವರ ಬೆನ್ನಿನ ಸದ್ದು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ, ನಗಲಿ. ನಮ್ಮ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರ ಬೆನ್ನೂ ಊಟದ ಮೇಲೆ ಗುಂಯ್‌ಗುಡುತ್ತದೆ. ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಎಡಪಕ್ಕೆಯ ಕೆಳಗಿನಿಂದ ಸಣ್ಣಗೆ ಶುರುವಾಗಿ, ಉಂಡದ್ದು ಇಳಿಯುವವರೆಗೂ ಇದ್ದು, ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಒಳಗಿನವರು ಕೆಲಸಕ್ಕೆ ಹತ್ತಿದರು ಎನ್ನುತ್ತೇವೆ. ಒಳಗಿನವರು ಯಾರು, ಅವರ ಕೆಲಸವೇನು ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಉಂಡ ಮೇಲೆ ಸದ್ದಾಗಬೇಕು, ಆದರೆ ಸರಿ.

ಊಟಕ್ಕೆ ಹೋದವರು ಕೈ ತೊಳೆದು ಬಂದು ಉಣಿಸಿದವರಿಗೆ ಬೆನ್ನು ಕೊಡುವುದು ನಮ್ಮ ಪದ್ಧತಿ. ಮನೆಯ ಹಿರಿಯರು ಬಂದವರ ಬೆನ್ನಿಗೆ ಕಿವಿ ಹಚ್ಚಿ, ಹೊಟ್ಟೆ ತುಂಬಾ ಉಂಡಿರಿ ಎಂದು ಹೇಳಿದ ಮೇಲೆಯೇ ಅವರು ಚಪ್ಪಲಿ ಮೆಟ್ಟಬಹುದು. ಬೆನ್ನು ಕೊಡದೆ ಎದ್ದು ಹೋದವರನ್ನು ಆ ಮನೆಗೆ ಮತ್ತೆ ಯಾರೂ ಕರೆಯುವುದಿಲ್ಲ. ಕಡಿಮೆ ಉಂಡವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಸಾಕಾಯಿತು, ಕಂಠಮಟ ಆಯಿತು ಎಂದು ಬಾಯಿ ಏನೇ ಹೇಳಿದರೂ ಬೆನ್ನು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಹೆಣ್ಣು ಕೊಡುವಾಗ, ತರುವಾಗಲೂ ಅಷ್ಟೇ. ಜಾತಕ ಆಮೇಲೆ. ಮೊದಲು ಬೀಗರ ಬೆನ್ನು ಕೇಳಬೇಕು. ಸದ್ದು ದೊಡ್ಡದಿದ್ದರೆ ವಂಶ ಗಟ್ಟಿ, ಸಣ್ಣದಿದ್ದರೆ ಮನೆತನದಲ್ಲಿ ಕಸುವಿಲ್ಲ ಎಂದು ಲೆಕ್ಕ.

ನನ್ನ ಬೆನ್ನು ಮೊದಲಿನಿಂದಲೂ ಸಣ್ಣ ದನಿಯದು. ಕಿವಿ ಒತ್ತಿ ಹಿಡಿದರೆ ಮಾತ್ರ ಕೇಳುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆ ನನ್ನ ಬೆನ್ನಿಗೆ ಕಿವಿ ಹಚ್ಚಿ, ದಾನವ್ವಾ, ನಿನ್ನ ಒಳಗಿನವರು ಮಲಗ್ಯಾರೇನು ಎಂದು ನಾಲ್ಕು ಜನರ ಮುಂದೆ ಕೇಳಿದ್ದರು. ಆಗ ಅತ್ತು ಅತ್ತು ನನ್ನ ಕಣ್ಣು ಊದಿಕೊಂಡಿದ್ದವು. ನನ್ನ ಗಂಡ ಗದಿಗೆಪ್ಪನವರು ಮಾತ್ರ, ಆಕೀದು ಪಿಸುಮಾತಿನ ಬೆನ್ನು, ನನಗ ಅಷ್ಟ ಕೇಳಲಿ ಅಂತ ದೇವರು ಮಾಡ್ಯಾನ ಎಂದು ನಗಿಸಿದರು. ಅವರದು ಆಗಲೇ ದೊಡ್ಡ ತುಂಬುದನಿ. ಊಟವಾದ ಮೇಲೆ ಅವರ ಬೆನ್ನಿಗೆ ಕಿವಿ ಹಚ್ಚಿ ಮಲಗಿದರೆ ನನಗೆ ನಿದ್ದೆ ಹತ್ತುತ್ತಿತ್ತು. ನಾವು ಗಂಡ ಹೆಂಡತಿ ಆಡಿದ ಮಾತಿಗಿಂತ ಹೀಗೆ ಕೇಳಿಸಿಕೊಂಡ ಸದ್ದೇ ಹೆಚ್ಚು ಎಂದರೂ ನಡೆಯುತ್ತದೆ.

ನಮ್ಮದು ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿ. ಒಲೆ ನನ್ನದು, ಎದುರಿನ ಕುರ್ಚಿ ಅವರದು. ಎಲ್ಲರಿಗಿಂತ ಮೊದಲು ಉಂಡು, ರಸ್ತೆಯ ಕಡೆ ಬೆನ್ನು ಮಾಡಿ ಕೂರುವುದೇ ಅವರ ಕೆಲಸ. ಬಸ್ಸು ಇಳಿದವರು ಸದ್ದು ಕೇಳಿಯೇ ನಮ್ಮಲ್ಲಿಗೆ ಬರುತ್ತಿದ್ದರು, ಬೋರ್ಡು ಬರೆಸುವ ಗೋಜೇ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಆ ದನಿ ಏರುತ್ತಲೇ ಹೋಯಿತು. ಅವರ ಹೊಟ್ಟೆಯೂ ಏರಿತು. ಅಂಗಿಯ ಗುಂಡಿ ಹಾಕಲು ಉಸಿರು ಹಿಡಿಯಬೇಕಾಗುತ್ತಿತ್ತು. ಊರಿನ ಯಾವುದೇ ಮದುವೆ, ತೊಟ್ಟಿಲು, ಗೃಹಪ್ರವೇಶವಿರಲಿ, ಮೊದಲ ಪಂಕ್ತಿಯ ಮೊದಲ ಎಲೆ ಗದಿಗೆಪ್ಪನವರದು. ಬಡಿಸುವವರು ಅವರ ಮುಂದೆ ಗೋಧಿ ಹುಗ್ಗಿಯ ಬಕೆಟ್ಟನ್ನೇ ಇಟ್ಟು ನಿಲ್ಲುತ್ತಿದ್ದರು. ಊಟದ ಮೇಲೆ ಅವರು ಬೆನ್ನು ಕೊಟ್ಟರೆ ಕೇಳಲು ಮಂದಿ ಸರತಿ ಹಚ್ಚುತ್ತಿದ್ದರು. ತಾಯಂದಿರು ಕೂಸುಗಳನ್ನು ತಂದು ಅವುಗಳ ಕಿವಿಯನ್ನು ಅವರ ಬೆನ್ನಿಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಇದನ್ನೆಲ್ಲ ನೋಡಿ ನಾನೂ ಬೀಗುತ್ತಿದ್ದೆ. ಹಾಗಿರಲಿಲ್ಲ ಎಂದು ಈಗ ಹೇಳಿ ಯಾರಿಗೆ ಏನು ಲಾಭ.

ಕೆಟ್ಟದ್ದು ಶುರುವಾದಾಗ ಗೊತ್ತಾಗಿದ್ದು ನನಗೊಬ್ಬಳಿಗೆ. ಊರಿಗೆಲ್ಲ ಕೇಳುತ್ತಿದ್ದುದು ದೊಡ್ಡ ಸದ್ದು, ನನಗೆ ಗೊತ್ತಿದ್ದುದು ಅದರ ನಡೆ. ಎಲೆ ಅಡಿಕೆಯ ಹೊತ್ತಿಗೆ ಎದ್ದೇಳುತ್ತಿದ್ದ ಒಳಗಿನವರು ತಡ ಮಾಡತೊಡಗಿದರು. ಶುರುವಾದ ಸದ್ದು ನಡುವೆ ಕಡಿದು, ಮತ್ತೆ ಮುಗ್ಗರಿಸಿಕೊಂಡು ಏಳುತ್ತಿತ್ತು. ಉಂಡದ್ದು ಇಳಿದು ಸಂಜೆಯಾದರೂ ನಿಲ್ಲುತ್ತಿರಲಿಲ್ಲ. ನನ್ನ ಗಂಡನಿಗೋ ವಿಪರೀತ ನೀರಡಿಕೆ. ತಂಬಿಗೆ ತುಂಬಿ ಇಡುವುದರೊಳಗೆ ಖಾಲಿ. ಹಿತ್ತಿಲಿಗೆ ಹೋಗಿ ಬರುವುದೇ ಒಂದು ಉದ್ಯೋಗವಾಯಿತು. ಕಾಲಿನ ಒಂದು ಸಣ್ಣ ಗಾಯ ಮಾಯಲೊಲ್ಲದೆ ಕೂತಿತು. ಸದ್ದು ದೊಡ್ಡದಿದೆ, ನಿಮ್ಮ ಗಂಡನಿಗೆ ಏನಾಗುತ್ತದೆ ಎಂದು ಓಣಿಯವರು ನನ್ನನ್ನೇ ಗದರಿದರು. ನಾನು ಸುಮ್ಮನಿರುವ ಪೈಕಿ ಅಲ್ಲ. ಗಂಡನ ರಟ್ಟೆ ಹಿಡಿದು ಸರಕಾರಿ ದವಾಖಾನೆಗೆ ಎಳೆದುಕೊಂಡು ಹೋದೆ.

ಅಲ್ಲಿ ಮಂದಾಕಿನಿ ಡಾಕ್ಟರು ಎಂದು ಹೊರಗಿನಿಂದ ಬಂದ ಒಬ್ಬ ಹೆಣ್ಣುಮಗಳು ಇದ್ದರು. ಹೊರಗಿನವರ ಬೆನ್ನಿಗೆ ಸದ್ದೇ ಇಲ್ಲ. ಪಾಪ, ಇಷ್ಟು ಓದಿಯೂ ಒಳಗೆ ಯಾರೂ ಇಲ್ಲವಲ್ಲ ಎಂದು ನಮ್ಮ ಮಂದಿ ಆಕೆಯ ಬಗ್ಗೆ ಮರುಗುತ್ತಿದ್ದರು. ಆಕೆ ರಕ್ತ ತೆಗೆದು ನೋಡಿ, ಆಮೇಲೆ ನಾವು ಮಾಡುವಂತೆಯೇ ಇವರ ಬೆನ್ನಿಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತರು. ಎತ್ತಿದ ಮುಖದಲ್ಲಿ ನಗು ಇರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದರು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು.

ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಎಂದು ಒಂದಿದೆಯಂತೆ. ಅದರಲ್ಲಿ ಅಲ್ಲಲ್ಲಿ ಗುಂಪುಗುಂಪಾಗಿ ಕೂತ ಸಣ್ಣ ಕಣಗಳೇ ನಮ್ಮ ಒಳಗಿನವರು. ಎಲ್ಲರನ್ನೂ ಸೇರಿಸಿ ತೂಗಿದರೂ ಒಂದೆರಡು ಶೇಂಗಾ ಬೀಜದ ತೂಕ ಬಂದರೆ ಹೆಚ್ಚು. ಉಂಡ ಅನ್ನದ ಸಕ್ಕರೆ ರಕ್ತಕ್ಕೆ ಬಂದ ಕೂಡಲೇ ಅವರು ಇನ್ಸುಲಿನ್ ಎಂಬುದನ್ನು ಮಾಡಿ ಬಿಡುತ್ತಾರೆ. ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಎಂದು ಮೈಗೆಲ್ಲ ಅದು ಹೇಳಿ ಬರುತ್ತದೆ. ಈ ಕೆಲಸ ಅವರಿಗೆ ಬಿಟ್ಟರೆ ಮೈಯೊಳಗೆ ಇನ್ನಾರಿಗೂ ಬರುವುದಿಲ್ಲ. ಅಲ್ಲಿಯವರೆಗೆ ನನಗೆ ಸಂತೋಷವೇ ಆಗುತ್ತಿತ್ತು, ಹಾಗಾದರೆ ಇವರ ಒಳಗಿನವರು ಎಂಥ ದುಡಿಮೆಗಾರರು ಎಂದುಕೊಂಡೆ. ಡಾಕ್ಟರು ಅಲ್ಲಿಗೇ ನನ್ನನ್ನು ತಡೆದರು.

"ದಾನವ್ವ, ಅವರು ಖುಷಿಗೆ ಅಷ್ಟು ಗಟ್ಟಿಯಾಗಿ ಸದ್ದು ಮಾಡ್ತಿಲ್ಲ. ಇವರ ಮೈಗೆ ಕಿವುಡು ಬಂದಿದೆ. ಮೊದಲು ಒಂದು ಸಲ ಹೇಳಿದರೆ ಕೇಳ್ತಿದ್ದ ಮೈ ಈಗ ಹತ್ತು ಸಲ ಹೇಳಿದರೂ ಕೇಳ್ತಿಲ್ಲ. ಅದಕ್ಕೆ ಅವರು ಕೂಗ್ತಾ ಇದ್ದಾರೆ. ಇಷ್ಟು ವರ್ಷ ನೀವೆಲ್ಲ ಸಂತೋಷಪಟ್ಟಿದ್ದು ಆ ಕೂಗಿಗೆ."

ನಾನು ಬಿಡಲಿಲ್ಲ. ನಮ್ಮ ಊರಿನಲ್ಲಿ ದೊಡ್ಡ ದನಿಯಿಟ್ಟುಕೊಂಡೇ ತೊಂಬತ್ತು ದಾಟಿದ ಮುದುಕರಿದ್ದಾರಲ್ಲ ಎಂದು ಕೇಳಿದೆ. ಇದ್ದಾರೆ ಎಂದರು ಡಾಕ್ಟರು. ಕೆಲವರ ಒಳಗಿನವರಿಗೆ ಸಾಯುವವರೆಗೂ ಕೂಗುವ ತಾಕತ್ತಿರುತ್ತದೆ, ಅಂಥವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಆ ತಾಕತ್ತು ಬಹಳಮಟ್ಟಿಗೆ ಹುಟ್ಟಿನಿಂದ ಬರಬೇಕು. ಇವರಿಗೆ ಬಂದಿಲ್ಲ. ಕೂಗಿ ಕೂಗಿ ಸೋತು, ಹತ್ತಿರಹತ್ತಿರ ಅರ್ಧದಷ್ಟು ಜನ ಆಗಲೇ ಹೋಗಿರಬೇಕು. ಉಳಿದವರಲ್ಲಿ ಕೆಲವರು ಸತ್ತಿಲ್ಲ, ಆದರೆ ದಣಿವಿಗೆ ತಾವು ಯಾರು, ತಮ್ಮ ಕೆಲಸ ಯಾವುದು ಎಂಬುದನ್ನೇ ಮರೆತು ಕೂತಿದ್ದಾರೆ. ಹೋದವರು ಹೋದರು. ಮರೆತವರಿಗೆ ಈಗಲೇ ವಿಶ್ರಾಂತಿ ಕೊಟ್ಟರೆ ಮತ್ತೆ ನೆನಪು ಬರಬಹುದು. ತಡವಾದರೆ ಅವರೂ ಇಲ್ಲ. ಇಷ್ಟು ಹೇಳಿ ನನ್ನನ್ನೂ ತಿರುಗಿಸಿ ಬೆನ್ನಿಗೆ ಕಿವಿ ಹಚ್ಚಿದರು. ನಿಮ್ಮದು ಒಂದೇ ಮಾತಿಗೆ ಕೇಳುವ ಮೈ, ನಿಮ್ಮ ಒಳಗಿನವರಿಗೆ ಕೂಗುವ ಪ್ರಸಂಗವೇ ಬಂದಿಲ್ಲ ಎಂದರು. ಹಳೆಯ ಅವಮಾನಕ್ಕೆ ಹೀಗೊಂದು ಉತ್ತರ ಸಿಕ್ಕಿತು, ಆದರೆ ಕೇಳಿಸಿಕೊಳ್ಳಲು ನಮ್ಮತ್ತೆಯೂ ಇರಲಿಲ್ಲ, ಬೀಗಲು ನನಗೆ ಮನಸ್ಸೂ ಇರಲಿಲ್ಲ.

ಮನೆಗೆ ಬಂದವಳೇ ಇವರ ತಾಟು ಸಣ್ಣದು ಮಾಡಿದೆ. ಹುಗ್ಗಿ, ಹೋಳಿಗೆ, ಮಾದಲಿ ಎಲ್ಲ ಬಂದ್. ಸೊಪ್ಪಿನ ಪಲ್ಯ, ಹೆಸರುಕಾಳು, ಮಜ್ಜಿಗೆ, ಒಂದು ತೆಳ್ಳನೆಯ ರೊಟ್ಟಿ. ಬೆಳಗ್ಗೆ ಕೆರೆಯ ತನಕ ನಡಿಗೆ. ಹಸಿವಿಗೆ ಇವರು ಕೂಸಿನ ಹಾಗೆ ಮುಖ ಸಣ್ಣದು ಮಾಡಿಕೊಂಡು ಒಲೆಯ ಸುತ್ತ ಸುಳಿಯುತ್ತಿದ್ದರು. ಆದರೂ ನಾನು ಬಡಿಸುತ್ತಿರಲಿಲ್ಲ. ಹೊರಗಿನ ಕುರ್ಚಿಯಲ್ಲಿ ಸದ್ದು ಇಳಿದದ್ದು ಊರಿಗೆಲ್ಲ ಗೊತ್ತಾಯಿತು. ದಾನವ್ವ ಗಂಡನನ್ನು ಉಪವಾಸ ಕೆಡವಿದ್ದಾಳೆ ಎಂದು ಬಸ್ಸಿನ ಕಂಡಕ್ಟರರೂ ಆಡಿಕೊಂಡರು. ಊಟದ ಕರೆ ಬಂದರೆ ಇವರು ಹೋಗುವ ಹಾಗಿರಲಿಲ್ಲ. ಹೋದರೆ ಬೆನ್ನು ಕೊಡಬೇಕು, ಕೊಟ್ಟರೆ ಉಂಡಿಲ್ಲ ಎಂದು ತಿಳಿಯುತ್ತದೆ. ಹೀಗಾಗಿ ಕಾಲುನೋವು, ತಲೆನೋವು ಎಂದು ಏನೇನೋ ನೆಪ ಹೇಳಿ ಕಳಿಸುತ್ತಿದ್ದೆ. ನಮ್ಮ ಖಾನಾವಳಿಗೂ ಮಂದಿ ಕಡಿಮೆಯಾದರು. ಯಜಮಾನನೇ ಉಣ್ಣದ ಅಡುಗೆಯನ್ನು ತಾವು ಯಾಕೆ ಉಣ್ಣಬೇಕು ಎಂಬುದು ಅವರ ವಾದ.

ಚಳಿಗಾಲ ಕಳೆಯುವ ಹೊತ್ತಿಗೆ ಇವರ ಅಂಗಿ ಸಡಿಲವಾಯಿತು, ಕಾಲಿನ ಗಾಯ ಮಾಯಿತು. ಒಂದು ಮಧ್ಯಾಹ್ನ ಉಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕಿವಿ ಹಚ್ಚಿದೆ. ಸಣ್ಣಗೆ, ಹೊತ್ತಿಗೆ ಸರಿಯಾಗಿ, ಎಲ್ಲೂ ಕಡಿಯದೆ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಇಳಿದು ನಿಂತಿತು. ನಿಮ್ಮದೂ ನನ್ನ ಹಂಗ ಪಿಸುಮಾತು ಕಲೀತಲ್ರೀ ಎಂದೆ. ಅವರು ನಕ್ಕರು. ಡಾಕ್ಟರೂ ರಕ್ತ ನೋಡಿ, ಇನ್ನೊಂದು ವರ್ಷ ಹೀಗೇ ಕಾಪಾಡಿ, ಮತ್ತೆ ಕೂಗಿಸಬೇಡಿ ಎಂದರು. ನಮ್ಮ ಸಂಸಾರದಲ್ಲಿ ನಾನು ನಿಜವಾಗಿ ನೆಮ್ಮದಿ ಕಂಡದ್ದು ಆ ಕೆಲವು ವಾರಗಳಲ್ಲಿ.

ಆಗಲೇ ಮಗಳು ಶಕ್ಕುವಿಗೆ ಸಂಬಂಧ ಬಂತು. ಶಕುಂತಲಾ ಎಂದು ಹೆಸರು, ಕರೆಯುವುದು ಶಕ್ಕು. ಇವರಿಗೆ ಅವಳೆಂದರೆ ಜೀವ. ಊರಿನ ಮೇಲಿನ ಓಣಿಯ ತುಂಗವ್ವನ ಮಗ ಅವಳನ್ನು ಮೆಚ್ಚಿದ್ದ, ಇವಳಿಗೂ ಅವನ ಮೇಲೆ ಮನಸ್ಸು ಕೂತಿತ್ತು. ತುಂಗವ್ವ ಗಂಡನಿಲ್ಲದ ಹೆಂಗಸು, ಮನೆಯ ಎಲ್ಲ ವ್ಯವಹಾರ ಅವಳ ಕೈಯಲ್ಲೇ. ಕೆಟ್ಟವಳೇನಲ್ಲ. ಉಣಿಸುವುದರಲ್ಲಿ ಅವಳನ್ನು ಮೀರಿಸುವವರು ಊರಿನಲ್ಲಿ ಇರಲಿಲ್ಲ. ಅವಳು ಬಂದು ಮೊದಲು ಶಕ್ಕುವಿನ ಬೆನ್ನು ಕೇಳಿದಳು. ಮಗಳದು ನನ್ನ ಹಾಗೆಯೇ ಸಣ್ಣ ದನಿ. ತುಂಗವ್ವ ಏನೂ ಅನ್ನಲಿಲ್ಲ, ಅಪ್ಪಂದು ದೊಡ್ಡದೈತೆಲ್ಲ, ಮುಂದ ಇಕೀದೂ ಏರತೈತಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಇವರ ಬೆನ್ನಿಗೆ ಕಿವಿ ಹಚ್ಚಿದಳು. ಒಮ್ಮೆ ಹಚ್ಚಿದಳು, ತೆಗೆದಳು, ಇನ್ನೊಮ್ಮೆ ಹಚ್ಚಿದಳು. ಅವಳ ಮುಖ ಇಳಿದುಹೋಯಿತು. ಗದಿಗೆಪ್ಪಣ್ಣನ ಬೆನ್ನು ಅಂದರೆ ಹಿಂಗಿರಲಿಲ್ಲ, ಏನಾದರೂ ಒಳಗಿನ ರೋಗ ಐತೇನು ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಅವಳಿಗೆ ಹೇಳಿದೆ. ಸದ್ದೇ ಇಲ್ಲದವಳ ಮಾತು ಕಟ್ಟಿಕೊಂಡು ಸದ್ದಿನ ಬಗ್ಗೆ ಮಾತಾಡಬೇಡ ಎಂದು ಎದ್ದಳು. ನಿಶ್ಚಯದ ದಿನ ಅವರ ಕಡೆಯ ಹಿರಿಯರೆಲ್ಲ ಬಂದು ಇನ್ನೊಮ್ಮೆ ಕೇಳುತ್ತಾರೆ, ಆಗ ನೋಡೋಣ ಎಂದು ಹೇಳಿ ಹೋದಳು.

ಶಕ್ಕು ಆ ಸಂಜೆ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಇವರು ಅವಳ ಕಾಲ ಬಳಿ ಬಹಳ ಹೊತ್ತು ಕೂತಿದ್ದು, ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಿಸಿದರು. ಪೇಟೆಯಲ್ಲಿ ದನಿ ಗುಳಿಗೆ ಎಂದು ಮಾರುತ್ತಾರೆ, ಮದುವೆಯ ಹಂಗಾಮಿನಲ್ಲಿ ಅದಕ್ಕೆ ಬಹಳ ಗಿರಾಕಿ. ಅದರ ಪೊಟ್ಟಣ ಅವರ ಕೈಯಲ್ಲಿ ಕಂಡಿತು. ಗುಳಿಗೆ ಒಳಗಿನವರನ್ನು ಹಿಂಡಿ ಇದ್ದಬದ್ದದ್ದನ್ನೆಲ್ಲ ಹೊರಗೆ ಹಾಕಿಸುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕೆಲವರಿಗೆ ಅಳತೆಯಿಟ್ಟು ತಾವೂ ಅಂಥ ಔಷಧಿ ಕೊಡುವುದುಂಟು, ಆದರೆ ಹುಗ್ಗಿಯ ಮೇಲೆ ಹುಗ್ಗಿ ಸುರಿದು ನುಂಗುವುದಕ್ಕಲ್ಲ ಎಂದಿದ್ದರು. ನಾನು ಪೊಟ್ಟಣ ಕಸಿದುಕೊಳ್ಳಲು ಹೋದೆ. ಅವರು ಕೊಡಲಿಲ್ಲ.

"ನನ್ನ ಬೆನ್ನಿಗೆ ಸದ್ದಿಲ್ಲ ಅಂದ್ರ ಅದು ನನ್ನ ಮ್ಯಾಲಷ್ಟ ಬರೂದಿಲ್ಲ ದಾನಿ," ಎಂದರು. "ಶಕ್ಕೂನ ಮ್ಯಾಲೆ ಬರತೈತಿ. ಆಕೀನ ಯಾರು ತಗೋತಾರ?"

"ಆಕೀಗಿ ಬ್ಯಾರೆ ಮನಿ ಸಿಗತೈತ್ರಿ. ನಿಮಗ ಬ್ಯಾರೆ ಬೆನ್ನು ಸಿಗೂದಿಲ್ಲ."

"ಒಂದ ಊಟ. ಒಂದ ಊಟದಾಗ ಏನಾಕ್ಕೈತಿ?"

ಒಂದು ಊಟದಲ್ಲಿ ಏನೂ ಆಗುವುದಿಲ್ಲ ಎಂದು ಡಾಕ್ಟರೂ ಹೇಳುತ್ತಿದ್ದರೇನೋ. ಆದರೆ ನಮ್ಮ ಊರಿನ ಮದುವೆ ಒಂದು ಊಟದಲ್ಲಿ ಮುಗಿಯುವಂಥದ್ದಲ್ಲ. ನಿಶ್ಚಯದ ದಿನ ಇವರು ಗುಳಿಗೆ ನುಂಗಿ, ಹುಗ್ಗಿಗೆ ತುಪ್ಪ ಸುರಿಸಿಕೊಂಡು ಉಂಡರು. ಬೆನ್ನು ಕೊಟ್ಟಾಗ ಚಪ್ಪರವೇ ಅದುರಿತು. ತುಂಗವ್ವನ ಕಣ್ಣಲ್ಲಿ ನೀರು ಬಂತು, ಬೀಗರೇ ಎಂದು ಬಾಯಿ ತುಂಬಾ ಕರೆದಳು. ಸರಿ, ಅಲ್ಲಿಂದ ಶುರುವಾಯಿತು. ಅವರ ಅಣ್ಣನ ಮನೆಯಲ್ಲಿ ಊಟ, ತಂಗಿಯ ಮನೆಯಲ್ಲಿ ಊಟ, ಜವಳಿ ತಂದ ದಿನದ ಊಟ, ಹಂದರದ ಊಟ, ಅರಿಶಿನದ ಊಟ. ಪ್ರತಿ ಊಟದಲ್ಲೂ ಹೊಸ ನೆಂಟರು ಕಿವಿ ಮುಂದು ಮಾಡಿಕೊಂಡು ಕಾಯುತ್ತಿದ್ದರು. ಪ್ರತಿ ಊಟಕ್ಕೂ ಹಿಂದಿನದಕ್ಕಿಂತ ಒಂದು ಗುಳಿಗೆ ಹೆಚ್ಚು ಬೇಕಾಗುತ್ತಿತ್ತು. ಡಾಕ್ಟರು ಎರಡು ಸಲ ಮನೆಯವರೆಗೂ ಬಂದು ಬೈದು ಹೋದರು. ಇವರು ಅವರೆದುರು ತಲೆ ತಗ್ಗಿಸಿ ಕೂತಿದ್ದು, ಮರುದಿನ ಮತ್ತೆ ಪೇಟೆಗೆ ಹೋಗುತ್ತಿದ್ದರು.

ಅಕ್ಕಿಕಾಳು ಬಿದ್ದ ಮದುವೆಯ ದಿನ ಇವರ ಬೆನ್ನು ಹಿಂದೆಂದೂ ಆಗದಂಥ ಸದ್ದು ಮಾಡಿತು. ಬಾಜಾ ಬಾರಿಸುವವರು ಬಾರಿಸುವುದನ್ನು ನಿಲ್ಲಿಸಿ ಕೇಳಿದರು. ಮಂದಿ ಇವರನ್ನು ಹೆಗಲ ಮೇಲೆ ಎತ್ತಿಕೊಂಡರು. ನಾನು ಅಡುಗೆಯ ಹಂದರದಲ್ಲಿ ಹೋಳಿಗೆಯ ಬುಟ್ಟಿಯ ಹಿಂದೆ ಕೂತು ಎರಡೂ ಕಿವಿ ಮುಚ್ಚಿಕೊಂಡು ಅತ್ತೆ. ಮಗಳನ್ನು ಕಳಿಸುವ ಸಂಕಟ ಎಂದು ತಿಳಿದು ಹೆಂಗಸರು ನನ್ನನ್ನು ಸಮಾಧಾನ ಮಾಡಿದರು. ಅವರಿಗೆ ಏನೆಂದು ಹೇಳಲಿ. ಒಳಗೆ ಉಳಿದಿದ್ದ ಕೊನೆಯವರು ಕೂಗುತ್ತಿದ್ದಾರೆ, ನನಗೆ ಅವರ ಪರಿಚಯವಿದೆ, ನಾನು ಇಷ್ಟು ವರ್ಷ ಅವರ ಜೊತೆಯಲ್ಲೇ ಮಲಗಿದ್ದೇನೆ ಎಂದರೆ ಯಾರು ನಂಬುತ್ತಿದ್ದರು.

ಮಳೆಗಾಲ ಹಿಡಿಯುವ ಮೊದಲೇ ಸದ್ದು ಅಡಗಿತು. ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಮಧ್ಯಾಹ್ನದ್ದು ಹೋಯಿತು, ಆಮೇಲೆ ರಾತ್ರಿಯದು. ಗುಳಿಗೆ ನುಂಗಿದರೆ ಮೊದಮೊದಲು ಒಂದಿಷ್ಟು ಕೆರೆದಂತೆ ಕೇಳಿಸುತ್ತಿತ್ತು, ಕಡೆಗೆ ಅದೂ ಇಲ್ಲ. ಇವರು ಪುನಃ ಸಣ್ಣ ತಾಟು ಹಿಡಿದರು, ಕೆರೆಯ ತನಕ ನಡೆದರು, ನಾನು ಹೇಳಿದ್ದಕ್ಕಿಂತ ಕಡಿಮೆ ಉಂಡರು. ಈ ಸಲ ಒಳಗಿನ ಯಾರಿಗೂ ನೆನಪು ಮರಳಲಿಲ್ಲ. ರಕ್ತದ ಸಕ್ಕರೆ ಮಾತ್ರ ಏರುತ್ತಲೇ ಹೋಯಿತು. ಡಾಕ್ಟರು ಈಗ ಬೈಯಲಿಲ್ಲ. ಬೈಯದಿದ್ದುದನ್ನು ನೋಡಿಯೇ ನನಗೆ ಎಲ್ಲ ತಿಳಿಯಿತು. ಒಳಗೆ ಮಾಡುವವರು ಇಲ್ಲವಾದ್ದರಿಂದ ಇನ್ನು ಹೊರಗಿನಿಂದಲೇ ಕೊಡಬೇಕು ಎಂದು ಇನ್ಸುಲಿನ್ ಸೂಜಿ ಚುಚ್ಚುವುದನ್ನು ನನಗೆ ಕಲಿಸಿದರು. ಅದರಿಂದ ಜೀವ ಉಳಿಯುತ್ತದೆ, ಬಹಳ ಜನ ಹಾಗೆಯೇ ಚೆನ್ನಾಗಿ ಬದುಕಿದ್ದಾರೆ ಎಂದು ಧೈರ್ಯ ಹೇಳಿದರು. ಅವರ ಊರಿನಲ್ಲಿ ಬದುಕಿರಬಹುದು.

ನಮ್ಮ ಊರಿನಲ್ಲಿ ಸದ್ದಡಗಿದವರ ಎಲೆ ಕೊನೆಯ ಪಂಕ್ತಿಯಲ್ಲಿ, ಎಂಜಲೆಲೆ ಚೆಲ್ಲುವ ಬಾಗಿಲ ಪಕ್ಕದಲ್ಲಿ. ಅವರ ಬೆನ್ನಿಗೆ ಯಾರೂ ಕಿವಿ ಹಚ್ಚುವುದಿಲ್ಲ, ಹಚ್ಚಿದರೆ ತಮ್ಮದೂ ಅಡಗುತ್ತದೆ ಎಂದು ಹೆದರುತ್ತಾರೆ. ಇವರು ಊರಿನ ಊಟಕ್ಕೆ ಒಂದೇ ಸಲ ಹೋದರು. ಉಂಡು ಕೈ ತೊಳೆದು ಅಭ್ಯಾಸದಂತೆ ಬೆನ್ನು ತಿರುಗಿಸಿ ನಿಂತರಂತೆ. ಹಿಂದೆ ಯಾರೂ ಬರಲಿಲ್ಲವಂತೆ. ಇನ್ನೆಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯದೆ ಹಾಗೆಯೇ ನಿಂತಿದ್ದು, ಕಡೆಗೆ ಮನೆಗೆ ಬಂದರು. ಅದಾದ ಮೇಲೆ ಹೊರಗಿನ ಕುರ್ಚಿಯನ್ನೂ ಬಿಟ್ಟು ಒಳಕೋಣೆಗೆ ಸೇರಿದರು. ಪಾದಗಳಿಗೆ ಜೋಮು ಹಿಡಿದಿದೆ, ಕಣ್ಣು ಮಂಜು. ನಾನು ದಿನವೂ ಉಂಡ ಮೇಲೆ ಅವರ ಬೆನ್ನಿಗೆ ಕಿವಿ ಹಚ್ಚುತ್ತೇನೆ. ಎದೆ ಬಡಿಯುವುದು ಕೇಳುತ್ತದೆ, ಉಸಿರು ಕೇಳುತ್ತದೆ, ಅದರ ಕೆಳಗೆ ಏನೂ ಇಲ್ಲ. ಬಂದರೇನ ದಾನಿ ಎಂದು ಅವರು ಕೇಳುತ್ತಾರೆ. ಇನ್ನೂ ಇಲ್ರಿ ಎನ್ನುತ್ತೇನೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಅವರು ಕೇಳುವುದನ್ನು ಬಿಟ್ಟಿಲ್ಲ.

ಶಕ್ಕು ಬಸುರಿಯಾದಳು. ಏಳನೆಯ ತಿಂಗಳಿಗೆ ಸೀಮಂತದ ಕುಬಸ ಮಾಡಲು ನಮ್ಮ ಮನೆಗೆ ಕರೆದೆವು. ತುಂಗವ್ವ ಐದು ಬಗೆಯ ಸಿಹಿ ಹೊರಿಸಿಕೊಂಡು ತನ್ನ ಕಡೆಯ ಹೆಂಗಸರೊಂದಿಗೆ ಬಂದಳು. ಮಗಳು ಬಾಗಿಲಲ್ಲಿ ನಿಂತಾಗ ನಾನು ಒಂದು ಗಳಿಗೆ ಗುರುತು ಹಿಡಿಯಲಿಲ್ಲ. ಮೈ ಕೈ ತುಂಬಿಕೊಂಡು ಅಷ್ಟು ಗುಂಡಗಾಗಿದ್ದಳು, ಕುತ್ತಿಗೆಯ ಸುತ್ತ ಚರ್ಮ ಕಪ್ಪಗೆ ದಪ್ಪಗಾಗಿತ್ತು. ಬಂದವಳಿಗೆ ಅವಲಕ್ಕಿ, ಉಂಡೆ ಕೊಟ್ಟು ಕೂರಿಸಿದೆವು. ಎಲೆ ಅಡಿಕೆಯ ಹೊತ್ತಿಗೆ ತುಂಗವ್ವ ಅವಳ ಸೆರಗು ಸರಿಸಿ, ನನ್ನನ್ನು ಕರೆದು, ಕೇಳ್ರಿ ಬೀಗತ್ತೀ, ನಿಮ್ಮ ಮನ್ಯಾಗ ಇದ್ದಾಗ ಇಷ್ಟಿತ್ತೇನು ಎಂದಳು. ಅವಳ ಮುಖದಲ್ಲಿ ನನ್ನ ಹಳೆಯ ಹೆಮ್ಮೆಯೇ ಇತ್ತು.

ನಾನು ಕಿವಿ ಹಚ್ಚಿದೆ. ಹಚ್ಚುವ ಅಗತ್ಯವೇ ಇರಲಿಲ್ಲ. ಮಗಳ ಪಿಸುಮಾತು ಎಲ್ಲಿ ಹೋಗಿತ್ತೋ, ಒಳಗೆ ದೊಡ್ಡ ಕೂಗು ಎದ್ದಿತ್ತು. ನಡುವೆ ಒಂದು ಕಡೆ ಅದು ಮುಗ್ಗರಿಸಿತು. ಆ ಮುಗ್ಗರಿಸುವಿಕೆ ನನಗೆ ಗೊತ್ತು. ಬಸುರಿನಲ್ಲಿ ಯಾರ ಮೈಯಾದರೂ ಸ್ವಲ್ಪ ಕಿವುಡಾಗುತ್ತದೆ, ಒಳಗಿನವರು ಆಗ ಇಬ್ಬಿಬ್ಬರ ಕೆಲಸ ಮಾಡಬೇಕಾಗುತ್ತದೆ, ಸೋಲುವ ಜಾತಿಯ ಒಳಗಿನವರನ್ನು ಅಪ್ಪನಿಂದ ಪಡೆದ ಹುಡುಗಿಯಾದರೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರು. ಇದು ಒಳ್ಳೆಯ ಸದ್ದಲ್ಲ, ಇವಳಿಗೆ ಸಿಹಿ ಬಿಡಿಸಿ, ನಾಳೆಯೇ ದವಾಖಾನೆಗೆ ಕರೆದುಕೊಂಡು ಹೋಗೋಣ ಎಂದು ತುಂಗವ್ವನ ಕೈ ಹಿಡಿದು ಎಲ್ಲರ ಮುಂದೆಯೇ ಬೇಡಿಕೊಂಡೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ಮನೆಯ ಸದ್ದು ಅಡಗಿದವಳಿಗೆ ಮಗಳ ಸದ್ದೂ ಸಹಿಸದಾಯಿತೇ ಎಂದು ಯಾರೋ ಅಂದರು. ತುಂಗವ್ವ ಕೈ ಬಿಡಿಸಿಕೊಂಡಳು. ಪಾಪ, ಬೀಗತ್ತಿ ನೊಂದಾರ, ಏನೂ ಅನಬ್ಯಾಡ್ರಿ ಎಂದು ತನ್ನವರಿಗೇ ಹೇಳಿ, ಎಲೆ ಹಾಕಿಸಲು ಎದ್ದಳು.

ನಾನು ಶಕ್ಕುವನ್ನು ಅಡುಗೆಮನೆಗೆ ಎಳೆದುಕೊಂಡು ಬಂದೆ. ಬಾಗಿಲು ಹಾಕಿ ಅವಳ ಗಲ್ಲ ಹಿಡಿದೆ. ನೀನಾದರೂ ನನ್ನ ಮಾತು ನಂಬು ಎಂದೆ.

"ನಂಬೂದೇನು, ನನಗ ಗೊತ್ತೈತಿ ಯವ್ವಾ," ಎಂದಳು. ದನಿ ಬಹಳ ಸಣ್ಣದಿತ್ತು. "ಅಪ್ಪನ ಬೆನ್ನಿನ ಮ್ಯಾಲ ಬೆಳದಾಕಿ ನಾನು. ಮೊದಲ ಸಲ ಮುಗ್ಗರಿಸಿದಾಗ ನಾನೂ ಕೇಳಸಿಕೊಂಡೀನಿ."

"ಮತ್ತ ಯಾಕ ಉಣ್ತಿ? ಒಲ್ಲೆ ಅನ್ನು."

"ದಿನಾ ಎರಡು ಹೊತ್ತು ಅತ್ತಿಗೆ ಬೆನ್ನು ಕೊಡಬೇಕಲ್ಲ. ಕಡಿಮಿ ಉಂಡ್ರ ಹೆಂಗ ಮುಚ್ಚಿಡ್ಲಿ? ಅಪ್ಪ ನನ್ನ ಸಲುವಾಗಿ ಎಲ್ಲಾ ಕಳಕೊಂಡು, ಆ ಮನಿಗಿ ನನ್ನ ಕೊಟ್ಟಾನ. ಆ ಮನ್ಯಾಗ ಕೂತು ಉಣ್ಣಾಕ ಒಲ್ಲೆ ಅಂತ ನಾ ಹೆಂಗನ್ಲಿ?"

ಹೊರಗೆ ತುಂಗವ್ವ ಪ್ರೀತಿಯಿಂದಲೇ ಕೂಗಿ ಕರೆದಳು. ಶಕ್ಕು ಸೆರಗಿನಿಂದ ನನ್ನ ಕಣ್ಣು ಒರೆಸಿ, ತನ್ನ ಕಣ್ಣು ಒರೆಸಿಕೊಂಡು ಹೋಗಿ ಮಣೆಯ ಮೇಲೆ ಕೂತಳು. ಹೆಂಗಸರು ಆರತಿ ಎತ್ತಿ, ಹೋಳಿಗೆಯ ಮೇಲೆ ಹೋಳಿಗೆ ಇಟ್ಟು, ತುಪ್ಪ ಸುರಿದರು. ಅವಳು ತಲೆ ಬಗ್ಗಿಸಿ ಉಂಡಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಒಳಕೋಣೆಗೆ ಹೋಗಿ ಇವರ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಸೂಜಿ ಹಾಕಿ, ಸಣ್ಣ ತಾಟಿನಲ್ಲಿ ರೊಟ್ಟಿ ಪಲ್ಯ ಕೊಟ್ಟೆ. ಉಂಡು, ಕೈ ತೊಳೆಸಿಕೊಂಡು, ಅವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಕಣ್ಣು ಹೋಗುತ್ತ ಬಂದದ್ದರಿಂದ ಅವರಿಗೆ ಈಗ ಕಿವಿಯೇ ಎಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಸದ್ದು ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಏರುತ್ತ ಏರುತ್ತ ಕೋಣೆಯನ್ನೆಲ್ಲ ತುಂಬಿತು. ಹೊರಗೆ ಹೆಂಗಸರು ಸಂಭ್ರಮದಿಂದ ನಕ್ಕರು. ಇವರು ಮಲಗಿದ್ದಲ್ಲೇ ಸ್ತಬ್ಧರಾದರು. ಉಸಿರು ಬಿಗಿಹಿಡಿದು ಕೇಳಿದರು. ನಿಧಾನವಾಗಿ ಕೈಯನ್ನು ಹಿಂದಕ್ಕೆ ತಂದು ತಮ್ಮ ಎಡಪಕ್ಕೆಯನ್ನು ತಡವಿಕೊಂಡರು. ಮುಖದ ಮೇಲೆ ಎಷ್ಟೋ ದಿನಗಳ ಮೇಲೆ ಬೆಳಕು ಬಂದಿತ್ತು.

"ದಾನೀ," ಎಂದರು, "ನಂದು ಶುರುವಾತೇನ?"

"ಅಲ್ರಿ," ಎಂದೆ. "ಶಕ್ಕೂಂದು."

ಅವರು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡರು.